ಪ್ರಾಗ್‌ನಲ್ಲಿ ಶನಿವಾರ, ಭಾನುವಾರ

ಡ್ರೆಸ್ಡೆನ್‌ನಿಂದ ಬೆಳಿಗ್ಗೆ ಬಸ್ಸು ಹತ್ತಿದ ನಾವು ನಾಲ್ವರು ಗೆಳೆಯರು ಮಧ್ಯಾಹ್ನಕ್ಕೆ ಪ್ರಾಗ್‌ನ ಹಳೆಯ ಚೌಕದಲ್ಲಿದ್ದೆವು. 1410ರ ಖಗೋಳ ಗಡಿಯಾರದ ಕೆಳಗೆ ಜಾತ್ರೆಯಂಥ ಜನ. ಗಂಟೆಗೊಮ್ಮೆ ಅಸ್ಥಿಪಂಜರದ ಗೊಂಬೆ ಹಗ್ಗ ಜಗ್ಗುತ್ತದೆ, ಮೇಲಿನ ಕಿಟಕಿಗಳಲ್ಲಿ ಏಸುವಿನ ಶಿಷ್ಯರು ಹಾದುಹೋಗುತ್ತಾರೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದೇಹೋಯಿತು! ವಲ್ಟಾವಾ ನದಿಗೆ 1357ರಲ್ಲಿ ಕಟ್ಟಲಾರಂಭಿಸಿದ ಚಾರ್ಲ್ಸ್ ಸೇತುವೆಯೂ ಚೆಂದವೇ, ಬೆಳಗಿನ ಜಾವ ಹೋದರೆ.

ಪಿಂಕಾಸ್ ಮಂದಿರ ಯೆಹೂದಿಗಳದ್ದು. ಸಬ್ಬತ್ತಿನ ದಿನವಾದ ಶನಿವಾರ ಬಾಗಿಲು ಹಾಕಿರುತ್ತದೆ. ಭಾನುವಾರ ಹೋದೆವು. ಒಳಗೋಡೆಗಳ ತುಂಬ ಬರೀ ಹೆಸರುಗಳು. ನಾಜಿಗಳ ಕೈಯಲ್ಲಿ ಸತ್ತ ಬೊಹೀಮಿಯಾ, ಮೊರಾವಿಯಾದ ಸುಮಾರು 78,000 ಯೆಹೂದಿಗಳವು. ನಾವು ಮಾತು ನಿಲ್ಲಿಸಿದ್ದು ಮಾತ್ರ ಮಹಡಿಯಲ್ಲಿ. ಅಲ್ಲಿರುವುದು ಟೆರೆಜಿನ್ ಬಂದಿವಾಸದ ಮಕ್ಕಳು ಬರೆದ ಚಿತ್ರಗಳು: ಮನೆ, ಹೂವು, ಚಿಟ್ಟೆ. ಕಲಿಸಿದವರು ಕಲಾವಿದೆ ಫ್ರೀಡ್ಲ್ ಡಿಕರ್ ಬ್ರಾಂಡೈಸ್, ಅವರೂ ಬಂದಿಯೇ. 1944ರಲ್ಲಿ ಅವರನ್ನು ಆಶ್‌ವಿಟ್ಸ್‌ಗೆ ಸಾಗಿಸಿ ಕೊಂದರು. ಎರಡು ಸೂಟ್‌ಕೇಸುಗಳಲ್ಲಿ ಸುಮಾರು 4,500 ಚಿತ್ರಗಳು ಉಳಿದವು.

ಮಕ್ಕಳನ್ನು ಕರೆದೊಯ್ಯುವ ತಂದೆತಾಯಿಯರು ಇಲ್ಲಿಗೆಂದೇ ಒಂದು ಗಂಟೆ ತೆಗೆದಿಡಬೇಕು. ಗಡಿಯಾರದ ಫೋಟೋ ಆಮೇಲೂ ಆದೀತು. ಚಿತ್ರದ ಮೇಲೆ ತಮ್ಮ ಹೆಸರು ಬರೆಯಿರೆಂದು ಫ್ರೀಡ್ಲ್ ಮಕ್ಕಳಿಗೆ ಹೇಳುತ್ತಿದ್ದರಂತೆ. ಅದರಿಂದಲೇ ಇಂದು ಯಾವ ಚಿಟ್ಟೆ ಯಾವ ಮಗುವಿನದೆಂದು ತಿಳಿಯುತ್ತದೆ.