ನಾವು ಬರೀ ಲಿಂಕ್ ಕೊಟ್ಟಿದ್ದು
ಕಳೆದ ವರ್ಷ ಹಾಸ್ಟೆಲ್‌ನಲ್ಲಿ ನಾವು ನಾಲ್ಕು ಜನ ಸೇರಿ ಒಂದು ಘನಕಾರ್ಯ ಮಾಡಿದ್ವಿ. ಕನ್ನಡ ಪುಸ್ತಕಗಳ ಪಿಡಿಎಫ್ ಎಲ್ಲೆಲ್ಲಿ ಸಿಗುತ್ತೆ ಅಂತ ಹುಡುಕಿ, ಲಿಂಕ್‌ಗಳನ್ನೆಲ್ಲ ಒಂದೇ ಪುಟದಲ್ಲಿ ಜೋಡಿಸಿಟ್ವಿ. ತೇಜಸ್ವಿಯವರದ್ದೇ ಉದ್ದದ ಪಟ್ಟಿ. ಮೂಡಿಗೆರೆ ಸೀಮೆಯವರಾಗಿ ಅಷ್ಟಾದರೂ ಬೇಡವೇ? ವಾರದೊಳಗೆ ಕಾಲೇಜಿನ ಗ್ರೂಪ್‌ಗಳಲ್ಲೆಲ್ಲ ನಮ್ಮ ಪುಟ ಓಡಾಡಿತು. ಕನ್ನಡ ಸೇವೆ ಅಂತ ಬೀಗಿದ್ವಿ.

ಕಾಫಿ ಕೊಯ್ಲಿನ ಹೊತ್ತಿಗೆ ರಜೆ ಬಂತು. ಮೂಡಿಗೆರೆಯಲ್ಲಿ ಪುಸ್ತಕದಂಗಡಿ ಇಟ್ಟಿರುವ, ನಮ್ಮಲ್ಲೊಬ್ಬನ ಮಾವ, ಮೊಬೈಲ್ ತೋರಿಸಿ ಕೇಳಿದ್ರು: "ಏನ್ರೋ, ಇದು ನಿಮ್ದೇ ಕೆಲ್ಸನಾ?" ಗಿರಾಕಿಯೊಬ್ಬ 'ಕರ್ವಾಲೊ' ಕೈಗೆತ್ತಿಕೊಂಡು, ಇದು ಫ್ರೀ ಸಿಗುತ್ತಲ್ಲ ಅಂತ ವಾಪಸ್ ಇಟ್ಟು ಹೋದನಂತೆ.

"ಮಾವ, ಫೈಲ್ ನಮ್ದಲ್ಲ. ನಾವು ಬರೀ ಲಿಂಕ್ ಕೊಟ್ಟಿದ್ದು."

"ಹಂಗಾದ್ರೆ ತೋಟದ ಬೇಲಿ ಎಲ್ಲಿ ಮುರಿದಿದೆ ಅಂತ ಕಾಫಿ ಕಳ್ಳರಿಗೆ ಹೇಳ್ಕೊಟ್ಟೋನು ಸಾಚಾನಾ?"

ಕಣದಲ್ಲಿ ಒಣಗಲು ಹಾಕಿದ ಕಾಫಿಗೆ ರಾತ್ರಿಯೆಲ್ಲ ಕಾವಲು ಕೂರುವ ಊರಿನ ಮಕ್ಕಳು ನಾವು. ಉತ್ತರ ಹೊಳೆಯಲಿಲ್ಲ.

ಹಾಸ್ಟೆಲ್‌ಗೆ ಬಂದು ಕಾನೂನು ಓದಿದ್ವಿ (ಪರೀಕ್ಷೆಗೂ ಇಷ್ಟು ಓದಿರಲಿಲ್ಲ). ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಂತೆ, ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತೆ. ತೇಜಸ್ವಿ ಹೋಗಿದ್ದು 2007ರಲ್ಲಿ. ಅಂದ್ರೆ 2067 ಮುಗಿಯಬೇಕು! 1946ರಲ್ಲಿ ತೀರಿಕೊಂಡ ಬಿ.ಎಂ.ಶ್ರೀ ಬದುಕಿದ್ದಾಗ ಪ್ರಕಟಿಸಿದ್ದು ಮಾತ್ರ ಈಗ ಎಲ್ಲರದ್ದು.

ಲಿಂಕ್ ವಿಷಯದಲ್ಲಿ 2012ರ ತಿದ್ದುಪಡಿ ಒಂದು ಆಸರೆ ಕೊಟ್ಟಿದೆ. ಲಿಂಕ್ ಒದಗಿಸುವಾಗ ಆಗುವ ತಾತ್ಕಾಲಿಕ ಶೇಖರಣೆ ತಪ್ಪಲ್ಲ. ಆದ್ರೆ ಅದು ಕದ್ದ ಪ್ರತಿ ಅಂತ ಗೊತ್ತಿದ್ರೆ ಆ ಆಸರೆ ಇಲ್ಲ. ಹಕ್ಕುದಾರರು ಬರವಣಿಗೆಯಲ್ಲಿ ದೂರು ಕೊಟ್ರೆ 21 ದಿನ ತಡೆಹಿಡಿಯಬೇಕು. ನಮಗೆ ಗೊತ್ತಿರಲಿಲ್ವಾ? ಪುಟಪುಟದಲ್ಲೂ ಸ್ಕ್ಯಾನ್ ಮಾಡಿದವನ ಹೆಬ್ಬೆರಳು ಕಾಣ್ತಿತ್ತು. "ಫೈಲ್ ನಮ್ಮ ಸರ್ವರ್‌ನಲ್ಲಿಲ್ಲ" ಅನ್ನೋ ವಾದವನ್ನ ಪೈರೇಟ್ ಬೇಯವರೂ ಮಾಡಿದ್ರು. 2009ರಲ್ಲಿ ಸ್ವೀಡನ್ನಿನ ಕೋರ್ಟ್ ಒಪ್ಪದೆ ಜೈಲು ಶಿಕ್ಷೆ ಕೊಟ್ಟಿತು. ಅವರೂ ನಾಲ್ಕೇ ಜನ. ಆ ರಾತ್ರಿ ನಮಗೆ ನಿದ್ದೆ ಸರಿಯಾಗಿ ಬರಲಿಲ್ಲ.

ತೇಜಸ್ವಿ ಪಟ್ಟಿ ತೆಗೆದ್ವಿ. ಪುಟ ಈಗ ಬಡಕಲಾಗಿದೆ. ನಮ್ಮಲ್ಲಿ ಕಳಸದವನು ಮಾತ್ರ ಇನ್ನೂ ಜಗಳಕ್ಕೇ ನಿಂತಿದ್ದಾನೆ: ಅಚ್ಚಿನಲ್ಲೇ ಇಲ್ಲದ ಪುಸ್ತಕವನ್ನ ಯಾರ ಹತ್ರ ಕೊಳ್ಳೋದು? ಅವನ ಮಾತೂ ಸುಳ್ಳಲ್ಲ. ಮಾವನಿಗೇ ಕೇಳಿದ್ವಿ. "ಹೆಸರು ಬರ್ಕೊಡ್ರೋ, ಹುಡುಕ್ತೀನಿ" ಅಂದ್ರು. ಮೂರು ಬರೆದುಕೊಟ್ವಿ. ಒಂದು ಸಿಕ್ಕಿದೆ, ಹಳೇ ಪ್ರತಿ, ಬೆನ್ನು ಕಿತ್ತುಹೋಗಿದೆ.