ಈಸು ಮರೆತ ಹೊಳೆದಂಡೆ

ನಮ್ಮ ಹಾವೇರಿ ಸೀಮೆಗೆ ಹೊಳೆಗಳ ಬಡತನವಿರಲಿಲ್ಲ. ಮಲೆನಾಡಿನಿಂದ ಇಳಿದು ಬರುವ ವರದೆ ಗಳಗನಾಥದಲ್ಲಿ ತುಂಗಭದ್ರೆಯನ್ನು ಕೂಡುತ್ತಾಳೆ. ಕುಮುದ್ವತಿಯೂ ರಾಣೆಬೆನ್ನೂರು ತಾಲ್ಲೂಕಿನಲ್ಲಿ ತುಂಗಭದ್ರೆಯನ್ನೇ ಸೇರುತ್ತಾಳೆ. ಆದರೆ ನಾನು ಹುಟ್ಟಿದ ಬ್ಯಾಡಗಿ ಊರಿಗೆ ಮಾತ್ರ ಹೊಳೆಯಿಲ್ಲ. ಮೆಣಸಿನಕಾಯಿ ಘಾಟಿಗೆ ಸೀನುತ್ತಾ ಬೆಳೆದ ನಮಗೆ ಬೇಸಿಗೆ ಸೂಟಿಯೆಂದರೆ ಹಾವನೂರಿನ ಅಜ್ಜಿ ಮನೆ, ಅಜ್ಜಿ ಮನೆಯೆಂದರೆ ತುಂಗಭದ್ರೆಯಲ್ಲಿ ಈಸು.

ಸೋದರಮಾವ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ, ಹೊಟ್ಟೆಯ ಕೆಳಗೆ ಅಂಗೈಯಿಟ್ಟು ನೀರ ಮೇಲೆ ಮಲಗಿಸುತ್ತಿದ್ದ. "ಕಾಲು ಬಡಿಯೋ, ನಾ ಹಿಡದೇನಿ" ಅನ್ನುತ್ತಲೇ ಕೈ ತೆಗೆದಿರುತ್ತಿದ್ದ. ಕಿವಿಗೆ ನೀರು ಹೊಕ್ಕರೆ, ಬಿಸಿಲಿಗೆ ಕಾದ ನುಣ್ಣನೆಯ ಕಲ್ಲನ್ನು ಕಿವಿಗೊತ್ತಿ, ತಲೆ ವಾಲಿಸಿ ಒಂಟಿಗಾಲಲ್ಲಿ ಕುಣಿಯಬೇಕು. ಬೆಚ್ಚಗಿನ ಹನಿ ಕತ್ತಿಗಿಳಿದಾಗಲೇ ಲೋಕದ ಸದ್ದೆಲ್ಲ ಮತ್ತೆ ಕೇಳುತ್ತಿತ್ತು. ನೀರಡಿಕೆಯಾದರೆ ಉಸುಕಿನಲ್ಲಿ ಮೊಣಕೈ ಆಳದ ವರತಿ ತೋಡುತ್ತಿದ್ದೆವು. ಮೊದಲು ಬಗ್ಗಡ, ಅದನ್ನು ಗೋರಿ ಚೆಲ್ಲಿ ಕಾದರೆ ತಂಪಾದ ತಿಳಿನೀರು. ಎಲ್ಲಿ ಮೊಣಕಾಲುದ್ದ, ಎಲ್ಲಿ ಆಳುದ್ದ, ಯಾವ ಮಡುವಿನಲ್ಲಿ ಸುಳಿಯಿದೆ ಎಂಬುದು ದಂಡೆಯ ಹುಡುಗರ ಪಾದಗಳಿಗೇ ಗೊತ್ತಿತ್ತು.

ಸಂಕ್ರಮಣ ಬಂತೆಂದರೆ ಚಕ್ಕಡಿಗಳ ಸಾಲು. ಗಳಗನಾಥಕ್ಕೋ, ಮುಕ್ತೇಶ್ವರನ ಚೌಡಯ್ಯದಾನಪುರಕ್ಕೋ ಹೋಗಿ ಎತ್ತುಗಳ ಮೈ ತೊಳೆದು, ತಾವೂ ಮಿಂದು, ಉಸುಕಿನ ಮೇಲೆ ಬುತ್ತಿ ಬಿಚ್ಚುವುದು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಗುರೆಳ್ಳು ಚಟ್ನಿ. ವರ್ಷವಿಡೀ ಅಡುಗೆಮನೆ ಬಿಡದ ಅತ್ತೆಯಂದಿರು ಅಂದು ಸೊಂಟದುದ್ದ ನೀರಿನಲ್ಲಿ ನಿಂತು ಒಬ್ಬರ ಮೇಲೊಬ್ಬರು ನೀರೆರಚಿ ನಗುತ್ತಿದ್ದರು. ಆ ನಗು ಆಮೇಲೆ ಬೇರೆಲ್ಲೂ ಕೇಳಲಿಲ್ಲ.

ಮೊದಲ ಪೆಟ್ಟು ಕುಮಾರಪಟ್ಟಣದ ಕಡೆಯಿಂದ ಬಂತು. 1980ರ ದಶಕದಲ್ಲಿ ಅಲ್ಲಿನ ಕಾರ್ಖಾನೆಯ ಹೊಲಸು ನೀರಿಗೆ ತುಂಗಭದ್ರೆಯ ಮೀನುಗಳು ರಾಶಿ ರಾಶಿ ಸತ್ತು ತೇಲಿದವು. ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆಯವರು ದಂಡೆಯ ಹಳ್ಳಿಗಳ ಜೊತೆ ನಿಂತು ಹೋರಾಡಿದರು, ಕೋರ್ಟಿನ ಮೆಟ್ಟಿಲೂ ಹತ್ತಿದರು. ಹೊಳೆಗಿಳಿಯುವ ಮುನ್ನ ನೀರಿನ ಬಣ್ಣ ನೋಡುವುದನ್ನು ನಮ್ಮವರು ಕಲಿತದ್ದು ಆಗಲೇ.

ಆಮೇಲೆ ಬಂದದ್ದೆಲ್ಲ ಕೇಡೇ ಎನ್ನಲಾರೆ. ಕಂಚಾರಗಟ್ಟಿಯಿಂದ ಪೈಪಿನಲ್ಲಿ ತುಂಗಭದ್ರೆ ಹಾವೇರಿಯ ನಲ್ಲಿಗೆ ಬಂದಳು. ಕೊಡ ಹೊತ್ತು ದಣಿದ ಹೆಂಗಸರ ನಡು ಹಗುರಾಯಿತು. ಪಂಪ್‌ಸೆಟ್ಟುಗಳು ದಂಡೆಯ ಹೊಲಗಳಿಗೆ ಹಸಿರು ತಂದವು. ಆದರೆ ನೀರು ಮನೆಗೆ ಬಂದಷ್ಟೂ ನಾವು ಹೊಳೆಗೆ ಹೋಗುವುದನ್ನು ಬಿಟ್ಟೆವು. ನಾವು ಬಿಟ್ಟ ದಾರಿಯಲ್ಲಿ ಉಸುಕಿನ ಲಾರಿಗಳು ಇಳಿದವು.

ಉಸುಕು ಬಗೆದಲ್ಲೆಲ್ಲ ಈಗ ಗುಂಡಿ. ಮೇಲೆ ನೀರು ನಿಂತರೆ ಕಾಣುವುದಿಲ್ಲ. ಮೊಣಕಾಲುದ್ದ ಎಂದು ನಂಬಿ ಇಟ್ಟ ಮುಂದಿನ ಹೆಜ್ಜೆಗೆ ನೆಲವೇ ಸಿಗದು. ಈಸು ಬಲ್ಲವರನ್ನೂ ನುಂಗುವಂಥ ಜಾಗಕ್ಕೆ ಯಾವ ತಾಯಿ ಮಗನನ್ನು ಕಳಿಸಿಯಾಳು? ಉಸುಕೇ ಇಲ್ಲದ ಮೇಲೆ ವರತಿಯ ಮಾತು ಎಲ್ಲಿಯದು?

ಚೌಡಯ್ಯದಾನಪುರ 12ನೇ ಶತಮಾನದ ಶರಣ ಅಂಬಿಗರ ಚೌಡಯ್ಯನ ನೆಲ. ಹೋದ ಸಂಕ್ರಮಣಕ್ಕೆ ಅಲ್ಲಿ ಅಂಬಿಗರ ಮನೆಯ ಹುಡುಗನೊಬ್ಬ ಮೆಟ್ಟಿಲ ಮೇಲೆ ಕೂತು ತಂಬಿಗೆಯಿಂದ ತಲೆಗೆ ನೀರು ಹೊಯ್ದುಕೊಳ್ಳುತ್ತಿದ್ದ. "ಈಸು ಬರತೈತೇನೋ ತಮ್ಮಾ?" ಎಂದೆ. "ಇಲ್ರಿ ಅಜ್ಜಾ, ಅಪ್ಪ ಹೊಳಿಗೆ ಇಳಿಯಾಕ ಬಿಡಂಗಿಲ್ಲ" ಎಂದ. ಅವನಪ್ಪನನ್ನು ನಾನು ದೂರಲಾರೆ. ರಾತ್ರೋರಾತ್ರಿ ಲಾರಿ ತುಂಬಿದವರನ್ನು ದೂರುತ್ತೇನೆ, ಕಂಡೂ ಸುಮ್ಮನಿದ್ದವರನ್ನು ದೂರುತ್ತೇನೆ. ಹರಿಗೋಲು ಹಾಕುತ್ತಿದ್ದ ಮನೆಯ ಮಗುವೊಂದು ಹೊಳೆಗೆ ಹೆದರಿ ಬೆಳೆಯುವಂತಾಯಿತಲ್ಲ ಎಂಬ ಸಂಕಟ ಮಾತ್ರ ಆ ಸಿಟ್ಟಿಗಿಂತ ದೊಡ್ಡದು.