ಹೊಸ್ತಿಲ ಮುಂದಣ ಚಿತ್ರ

ಗಂಡಸಿಯ ನಮ್ಮ ಮನೆಯ ಮುಂದೆ ತಾಯಿಯವರು ಪ್ರತಿದಿನವೂ ನಸುಕಿನಲ್ಲಿ ನೆಲ ಸಾರಿಸಿ ರಂಗೋಲಿಯನ್ನಿಡುತ್ತಿದ್ದರು. ಮೊದಲು ಸಾಲುಸಾಲಾಗಿ ಚುಕ್ಕಿಗಳು, ಅನಂತರ ಅವುಗಳನ್ನು ಬಳಸಿ ಸುತ್ತಿ, ಹೊರಟಲ್ಲಿಗೇ ಬಂದು ಸೇರುವ ಒಂದೇ ಎಳೆ, ಅಂಚಿಗೆ ಕೆಮ್ಮಣ್ಣು. ನಾಲ್ಕಕ್ಷರ ಕಲಿತ ಗರ್ವದಿಂದ ನಾನೊಮ್ಮೆ, “ಅಮ್ಮ, ಇದರಲ್ಲಿ ಹೂವಿಲ್ಲ, ಹಕ್ಕಿಯಿಲ್ಲ; ಇದೆಂತಹ ಚಿತ್ರ?” ಎಂದೆನು. “ಲೆಕ್ಕ ತಪ್ಪಿದರೆ ಎಳೆ ಕೂಡುವುದಿಲ್ಲ, ಮಗು. ಕೂಡಿದರೆ ಮನಸ್ಸಿಗೆ ಸಮಾಧಾನ” ಎಂದು ಅವರು ನಕ್ಕರು.

ಮುಂದೆ ಪಟ್ಟಣದಲ್ಲಿ ಪಾಶ್ಚಾತ್ಯ ಚಿತ್ರಕಲೆಯ ಗ್ರಂಥಗಳನ್ನೋದಿದೆನು. ರಷ್ಯಾದ ಮಾಲೆವಿಚ್ 1915ರಲ್ಲಿ ಬಿಳಿಯ ಹಿನ್ನೆಲೆಯ ಮೇಲೆ ಒಂದು ಕಪ್ಪು ಚೌಕವನ್ನು ಬರೆದು ಪ್ರದರ್ಶನಕ್ಕಿಟ್ಟನು. ಹಾಲೆಂಡಿನ ಮೊಂಡ್ರಿಯನ್ ನೆಟ್ಟನೆಯ ಕಪ್ಪು ಗೆರೆಗಳ ನಡುವೆ ಕೆಂಪು, ಹಳದಿ, ನೀಲಿಗಳನ್ನು ತುಂಬಿ, ಉಳಿದುದನ್ನು ಬೆಳ್ಳಗಿರಿಸಿದನು. ವಸ್ತುವಿನ ಹೋಲಿಕೆ ಬೇಡ. ಬಣ್ಣಕ್ಕೂ ರೇಖೆಗೂ ಇರುವ ಸಂಬಂಧವೇ ಸಾಕೆಂಬುದು ಅವರ ಮಾರ್ಗ. ನಾನು ಬೆರಗಾದೆನು. ಆ ಬೆರಗು ನಮ್ಮ ಹೊಸ್ತಿಲಲ್ಲಿ ನನಗೇಕೆ ಹುಟ್ಟಲಿಲ್ಲ? ಹತ್ತಿರದ ಅರಸೀಕೆರೆಯ ಈಶ್ವರ ದೇವಾಲಯದಲ್ಲಿ ಹೊಯ್ಸಳರ ಕಾಲದ ಶಿಲ್ಪಿಗಳು ನಕ್ಷತ್ರದಂತೆ ಕೋನಕೋನವಾಗಿ ಮಡಿಸಿದ ತಳವಿನ್ಯಾಸವನ್ನು 13ನೆಯ ಶತಮಾನದಲ್ಲಿಯೇ ಕಲ್ಲಿನಲ್ಲಿ ನಿಲ್ಲಿಸಿದ್ದರು. ಅದನ್ನೂ ನಾನು ಕಣ್ಣಿದ್ದು ಕಂಡಿರಲಿಲ್ಲ.

ತಾಯಿಯವರು ತೀರಿಕೊಂಡರು. ಸೂತಕದ ದಿನಗಳಲ್ಲಿ ಅಂಗಳ ಬರಿದಾಗಿತ್ತು. ಅವರು ಅಲ್ಲಿ ಏನನ್ನು ಬರೆಯುತ್ತಿದ್ದರೆಂಬುದು ಆ ಬರಿಯ ನೆಲದಿಂದ ನನಗೆ ತಿಳಿಯಿತು, ಹೇಳೋಣವೆಂದರೆ ಕೇಳುವವರಿರಲಿಲ್ಲ.

ಸೂತಕ ಕಳೆದ ಮೇಲೆ ಒಂದು ಬೆಳಗ್ಗೆ ನನ್ನ ಮಗಳು ಚುಕ್ಕಿಗಳನ್ನಿಟ್ಟು ಎಳೆಯನ್ನು ತೊಡಗಿದಳು. ಎಲ್ಲಿಯೋ ಲೆಕ್ಕ ತಪ್ಪಿತು; ಎಳೆ ಕೂಡಲಿಲ್ಲ. ಅವಳು ಅಂಗೈಯಿಂದ ಅಳಿಸಿ, ಮೊದಲನೆಯ ಚುಕ್ಕಿಗೆ ಮರಳಿದಳು. ನಾನು ಜಗುಲಿಯಲ್ಲಿ ಕುಳಿತು, ಅದು ಕೂಡುವವರೆಗೂ ನೋಡಿದೆನು.